ಬೆಲ್ ಹೊಡೆದರೆ ನಾಯಿ ಹಿತ್ತಲಿಗೆ, ಪಾರ್ಸಲ್ ಡ್ರಮ್ಮಿಗೆ

ಹೋದ ವರ್ಷದ ಗಣಪತಿ ಹಬ್ಬದಿಂದ ಈಚೆಗೆ ನಮ್ಮ ಮನೆಗೆ ಬಂದ ಒಂದೇ ಒಂದು ಪಾರ್ಸಲ್ಲಿಗೂ ನಾಯಿ ಬಾಯಿ ಹಾಕಿಲ್ಲ. ಐವತ್ತರಿಂದ ಅರವತ್ತು ಬಂದಿರಬಹುದು. ಪಾರ್ಸಲ್ಲಿಗೆ ಡ್ರಮ್ಮು, ನಾಯಿಗೆ ಬೆಲ್ಲು, ಇದು ಆಗೋ ಹೋಗೋ ಕೆಲಸ ಅಲ್ಲ ಅಂದಿದ್ದವರೇ ಈಗ ಗೇಟಿನ ಹತ್ತಿರ ನಿಂತು ನೋಡಿಕೊಂಡು ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೇಲೂರು ತಾಲ್ಲೂಕು, ಬಿಕ್ಕೋಡು ಕಡೆ. ಗೇಟಿನಿಂದ ಮನೆಗೆ ಇನ್ನೂರು ಮೀಟರ್ ಇರಬೇಕು. ಮಧ್ಯೆ ಕಾಫಿ ಗಿಡ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರ. ಗೇಟಿನಲ್ಲಿ ಏನು ನಡೆದರೂ ಮನೆಗೆ ಕಾಣಲ್ಲ. ಫೋನಿಗೆ ಸಿಗ್ನಲ್ ಸಿಗೋದು ಕಣದ ಒಂದು ಮೂಲೆಯಲ್ಲಿ ಮಾತ್ರ. ಮೊದಲೆಲ್ಲಾ ನಡೆಯುತ್ತಿದ್ದದ್ದು ಹೀಗೆ: ಪಾರ್ಸಲ್ ಹುಡುಗ ಗೇಟಿಗೆ ಬಂದು ಫೋನ್ ಮಾಡುತ್ತಾನೆ, ನಮಗೆ ಸಿಗಲ್ಲ. ನಾಯಿ ಮೂರೂ ಬೊಗಳಿಕೊಂಡು ನುಗ್ಗುತ್ತವೆ. ಅವನು ಹೆದರಿ ಪಾರ್ಸಲ್ಲನ್ನು ಗೇಟಿನ ಮೇಲಿಂದ ಒಳಗೆಸೆದು ಹೋಗುತ್ತಾನೆ. ಹುಡುಗನದ್ದು ತಪ್ಪು ಅನ್ನೋಕೆ ಆಗಲ್ಲ ಅಲ್ವಾ?

ನಾಯಿ ಕಟ್ಟಿ ಹಾಕಿ ಅಂತ ಎಲ್ಲರೂ ಹೇಳಿದರು. ನಮ್ಮ ಕಡೆ ಅದು ಆಗಲ್ಲ. ಮೂರು ವರ್ಷದ ಹಿಂದೆ ಕಟ್ಟಿದ್ದ ನಾಯಿಯನ್ನು ಚಿರತೆ ಎತ್ತಿಕೊಂಡು ಹೋಯಿತು. ಬೆಳಿಗ್ಗೆ ಹೋಗಿ ನೋಡಿದರೆ ಸರಪಳಿ ಮಾತ್ರ ಇತ್ತು, ಕೊನೆಯಲ್ಲಿ ಕಿತ್ತ ಬೆಲ್ಟು. ಅವತ್ತಿನಿಂದ ನಮ್ಮ ನಾಯಿಗಳನ್ನು ಹಗಲು ಬಿಟ್ಟೇ ಸಾಕುತ್ತೇವೆ, ರಾತ್ರಿ ಕೊಟ್ಟಿಗೆ ಒಳಗೆ. ಈಗ ಇರೋದು ಕರಿಯ, ಜೂಲಿ, ಜೂಲಿಯ ಮರಿ ಬೊಗ್ಗ.

ಹಾಳಾದ ಲೆಕ್ಕ ಹೇಳುತ್ತೇನೆ. ಕಳೆ ಹೊಡೆಯೋ ಮೆಷಿನ್ನಿನ ಕಾರ್ಬುರೇಟರ್ ಸಾವಿರದ ನಾನೂರು. ಮನೆಯವಳ ಸೀರೆ ಎರಡು ಸಾವಿರದ ಎಂಟುನೂರು, ಅಂಚು ಮಾತ್ರ ಉಳಿದಿತ್ತು. ನನ್ನ ಚರ್ಮದ ಚಪ್ಪಲಿ, ಅಮ್ಮನ ಮಾತ್ರೆ, ಎರಡು ಸಲ ಮೋಟರಿನ ಬಿಡಿಭಾಗ. ಎಲ್ಲಾ ಸೇರಿ ಒಂದು ವರ್ಷಕ್ಕೆ ಹನ್ನೊಂದು, ಹನ್ನೆರಡು ಸಾವಿರ ಹೋಗಿದೆ. ಮಗಳು ಬೆಂಗಳೂರಿನಿಂದ ಕಳಿಸಿದ ಚಾಕಲೇಟ್ ಡಬ್ಬ ಸಿಕ್ಕಿದ್ದು ಬೊಗ್ಗನಿಗೆ. ರಾತ್ರಿಯೆಲ್ಲಾ ವಾಂತಿ, ಕಾಲು ನಡುಕ. ಪಶುವೈದ್ಯರ ಹತ್ತಿರ ಓಡಿದೆ. ಚಾಕಲೇಟು, ಕಾಫಿ ಪುಡಿ, ಒಣ ದ್ರಾಕ್ಷಿ ಎಲ್ಲಾ ನಾಯಿಗೆ ವಿಷ ಅಂತ ಅವರು ಹೇಳಿದ ಮೇಲೆ ನನಗೆ ನಿಜವಾಗಿ ಹೆದರಿಕೆ ಆಯಿತು. ಅಲ್ಲಿಯವರೆಗೆ ಪಾರ್ಸಲ್ ಹಾಳಾಗುತ್ತದೆ ಅಂತಿದ್ದ ಚಿಂತೆ, ಆಮೇಲೆ ನಾಯಿ ಉಳಿಯಬೇಕು ಅನ್ನೋ ಚಿಂತೆಯೂ ಆಯಿತು.

ಮೊದಲು ಮಾಡಿದ್ದು ಪಾರ್ಸಲ್ ಬೀಳೋ ಜಾಗದಲ್ಲಿ ಖಾರದ ಪುಡಿ, ಬೇವಿನೆಣ್ಣೆ. ಜುಲೈ ಮಳೆಗೆ ಅರ್ಧ ಗಂಟೆಯೂ ನಿಲ್ಲಲಿಲ್ಲ. ನುಸಿಗುಳಿಗೆ ಇಡಿ ಅಂತ ಯಾರೋ ಅಂದರು. ಅದನ್ನು ಮಾತ್ರ ಯಾರೂ ಮಾಡಬೇಡಿ, ನಾಯಿ ನುಂಗಿದರೆ ಜೀವಕ್ಕೇ ಅಪಾಯ. ಆಮೇಲೆ ಗೇಟಿನ ಪಕ್ಕದ ಹಲಸಿನ ಮರಕ್ಕೆ ಗೊಬ್ಬರದ ಚೀಲ ನೇತು ಹಾಕಿ, ಅದರೊಳಗೆ ಹಾಕಿ ಹೋಗಪ್ಪಾ ಅಂದೆ. ನಾಯಿಗೆ ಎಟುಕಲಿಲ್ಲ, ಸರಿ. ಆದರೆ ನಾಲ್ಕನೇ ದಿನ ಚೀಲದ ತುಂಬಾ ಚಗಳಿ ಇರುವೆ. ಕೈ ಹಾಕಿದ ಹುಡುಗ ಮತ್ತೆ ಆ ಚೀಲದ ಹತ್ತಿರ ಬರಲಿಲ್ಲ. ಅದೇ ವಾರ ಮಂಗಗಳು ಚೀಲವನ್ನೇ ಹರಿದು ಹಾಕಿದವು. ಮರದ ಪೆಟ್ಟಿಗೆ ಮಾಡಿಸಿದೆ, ಎರಡು ಸಾವಿರ ಖರ್ಚು. ಮಳೆಗೆ ಬಾಗಿಲು ಉಬ್ಬಿ ತೆಗೆಯೋಕೇ ಬರಲಿಲ್ಲ. ಪೇಟೆಯ ಅಂಗಡಿಯಲ್ಲಿ ಇಡಿಸಿಕೊಂಡರೆ ಹೋಗಿಬರೋಕೆ ಪೆಟ್ರೋಲು, ಅರ್ಧ ದಿನ.

ಕೊನೆಗೆ ಡ್ರಮ್ಮಿಗೆ ಬಂದೆ. ನಮ್ಮೆಲ್ಲರ ಮನೆಯಲ್ಲೂ ಇರುತ್ತಲ್ಲ, 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್. ಬಾಯಿ ಪೂರ್ತಿ ತೆರೆಯೋದು, ಕಬ್ಬಿಣದ ರಿಂಗ್ ಲಾಕ್ ಇರೋದೇ ಬೇಕು. ಮನೆಯಲ್ಲಿದ್ದ ಒಂದನ್ನೇ ತೊಳೆದು ಕೂರಿಸಿದೆ. ಅದು ಮೀನು ಬೆಲ್ಲ ಕೊಳೆಸಿ ಗಿಡಕ್ಕೆ ಟಾನಿಕ್ ಮಾಡುತ್ತಿದ್ದ ಡ್ರಮ್. ನಾಲ್ಕು ಸಲ ಸೋಪು ಹಾಕಿ ತೊಳೆದರೂ ನಾಯಿಗೆ ವಾಸನೆ ಹೋಗಿಲ್ಲ. ಮೂರೂ ನಾಯಿ ಇಡೀ ದಿನ ಅದರ ಕೆಳಗೇ ಕೂತಿದ್ದವು. ಗಿಡಕ್ಕೆ ಹೊಡೆಯೋ ಔಷಧಿ ಇದ್ದ ಡ್ರಮ್ಮೂ ಬೇಡ, ಅಮ್ಮನ ಮಾತ್ರೆ ಬರೋ ಜಾಗ ಅದು. ಬೇರೆ ಒಂದನ್ನು ಒಂಬೈನೂರಕ್ಕೆ ತಂದೆ.

ಕೂರಿಸಿದ ರೀತಿ ಹೀಗೆ. ಗೇಟಿನ ಪಕ್ಕ ಎರಡು ಕಲ್ಲುಕಂಬ ಮೊದಲೇ ಇದ್ದವು. ಅವುಗಳ ಮೇಲೆ ಡ್ರಮ್ಮನ್ನು ಅಡ್ಡ ಮಲಗಿಸಿ ಪಟ್ಟಿ ಹೊಡೆಸಿದೆ. ತಳದ ಭಾಗ ರಸ್ತೆ ಕಡೆಗೆ, ಮುಚ್ಚಳ ತೋಟದ ಕಡೆಗೆ. ತಳದಲ್ಲಿ ಸುಮಾರು ಹದಿನಾಲ್ಕು ಇಂಚು ಅಗಲದ ಕಂಡಿ ಕೊಯ್ದೆ. ಅದರ ಮೇಲೆ ಹಳೇ ಜೀಪಿನ ಟ್ಯೂಬು ಕತ್ತರಿಸಿ ಪರದೆ ಥರ ಇಳಿಬಿಟ್ಟೆ. ಹುಡುಗ ಬೈಕಿನಿಂದ ಇಳಿಯೋದೇ ಬೇಡ, ತಳ್ಳಿದರೆ ಒಳಗೆ ಬೀಳುತ್ತದೆ. ನಾನು ಒಳಗಿನಿಂದ ಮುಚ್ಚಳದ ಬೀಗ ತೆಗೆದು ಎತ್ತಿಕೊಳ್ಳುತ್ತೇನೆ. ಕಂಡಿಯಲ್ಲಿ ಕೈ ಹಾಕಿ ಯಾರೂ ಎಳೆಯದ ಹಾಗೆ ಒಳಗೊಂದು ತಗಡು ಬಗ್ಗಿಸಿ ಇಟ್ಟಿದ್ದೇನೆ. ಅದರ ಅಳತೆ ಬರೆಯಲ್ಲ, ಬರೆದರೆ ಅದು ಇದ್ದೂ ಪ್ರಯೋಜನ ಇಲ್ಲ. ಮೊದಲು ಎರಡೂವರೆ ಅಡಿ ಎತ್ತರದಲ್ಲಿದ್ದಾಗ ಕರಿಯ ಬೇಲಿ ಸಂದಿಯಿಂದ ಆಚೆ ಹೋಗಿ, ಮುಂಗಾಲು ಊರಿ, ಟ್ಯೂಬಿನ ಪರದೆಯನ್ನೇ ಕಚ್ಚಿ ಎಳೆದ. ಆಮೇಲೆ ನಾಲ್ಕೂಕಾಲು ಅಡಿಗೆ ಏರಿಸಿದೆ.

ಇಷ್ಟಾದರೂ ಅರ್ಧ ಕೆಲಸವೇ ಆಗಿದ್ದು. ಬೈಕಿನ ಸದ್ದು ಕೇಳಿದರೆ ಮೂರೂ ಗೇಟಿಗೆ. ಹುಡುಗ ಹತ್ತು ಮಾರು ದೂರದಲ್ಲೇ ನಿಂತು, "ಅಣ್ಣಾ, ನಾಯಿ ಕಟ್ಟಿದ್ದೀರಾ?" ಅಂತ ಕೂಗೋದು. ಕೂಗಿದ್ದು ನಮಗೆ ಕೇಳಲ್ಲ. ಪಾರ್ಸಲ್ ರಸ್ತೆ ಬದಿಗೆ ಬೀಳುತ್ತಿತ್ತು. ಪೆಟ್ಟಿಗೆ ಎಷ್ಟು ಗಟ್ಟಿ ಇದ್ದರೂ ಹುಡುಗ ಹತ್ತಿರ ಬರದಿದ್ದರೆ ಏನು ಬಂತು? ನಾಯಿ ಗೇಟಿಗೆ ಬರೋ ಬದಲು ಗೇಟಿನಿಂದ ದೂರ ಓಡಬೇಕು. ಅಲ್ಲಿಗೆ ಬೆಲ್ ಹೊಳೆಯಿತು: ಗೇಟಿನಲ್ಲಿ ಬೆಲ್ ಹೊಡೆದರೆ ಹಿತ್ತಲಲ್ಲಿ ತುತ್ತು ಸಿಗುತ್ತದೆ ಅಂತ ನಾಯಿಗೆ ಕಲಿಸೋದು.

ಪಕ್ಕದ ತೋಟದವರು, "ಏನ್ ಭಾವ, ನಾಯಿಗೆ ಸ್ಕೂಲ್ ಬೆಲ್ ಹಾಕ್ತಿದ್ದೀಯಂತೆ" ಅಂದರು. ಮಗಳು ಮಾತ್ರ, ಸದ್ದು ಕೇಳಿದರೆ ತಿನ್ನೋಕೆ ಸಿಗುತ್ತದೆ ಅಂತ ನಾಯಿ ಕಲಿಯೋದನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ನೂರು ವರ್ಷಕ್ಕೂ ಹಿಂದೆ ತೋರಿಸಿಕೊಟ್ಟಿದ್ದಾನೆ, ನೀನು ಬಿಡಬೇಡಪ್ಪ ಅಂದಳು.

ಮೊದಲು ಕಟ್ಟಿದ್ದು ಅಟ್ಟದಲ್ಲಿದ್ದ ಎತ್ತಿನ ಕೊರಳ ಗಂಟೆ. ಅಲ್ಲೇ ಎಡವಿದ್ದು. ಸಂಜೆ ಲೈನ್ ಮನೆಯವರ, ಅಂದರೆ ತೋಟದ ಕೆಲಸದವರ, ದನ ರಸ್ತೆಯಲ್ಲಿ ಹೋದರೆ ಅದೇ ಸದ್ದು. ನಾಯಿ ಹಿತ್ತಲಿಗೆ ಓಡುತ್ತವೆ, ಅಲ್ಲಿ ತಿನ್ನೋಕೆ ಏನೂ ಇಲ್ಲ. ಒಂದೇ ವಾರದಲ್ಲಿ ಗಂಟೆಯ ಮೇಲಿನ ನಂಬಿಕೆ ಹೋಯಿತು. ಮತ್ತೆ ಮೊದಲಿಂದ, ಈ ಸಲ ಸೈಕಲ್ ಬೆಲ್. ನಮ್ಮ ರಸ್ತೆಯಲ್ಲಿ ಈಗ ಸೈಕಲ್ಲೇ ಇಲ್ಲ.

ಮನೆಯವಳು ಹಿತ್ತಲ ಬಾಗಿಲಲ್ಲಿ ಮುದ್ದೆಯ ಚೂರು ಹಿಡಿದು ನಿಲ್ಲೋದು. ನಾನು ಮೊದಲು ಅಂಗಳದಲ್ಲಿ, ಆಮೇಲೆ ಕಣದಲ್ಲಿ, ಕೊನೆಗೆ ಗೇಟಿನಲ್ಲಿ ನಿಂತು ಬೆಲ್ ಹೊಡೆಯೋದು. ದಿನಕ್ಕೆ ಐದಾರು ಸಲ. ಬೆಲ್ ಮೊದಲು, ತುತ್ತು ಆಮೇಲೆ. ತುತ್ತು ತೋರಿಸಿ ಬೆಲ್ ಹೊಡೆದರೆ ನಾಯಿ ಕೈ ನೋಡುತ್ತದೆ, ಸದ್ದು ಕೇಳಲ್ಲ. ಮುದ್ದೆಗೆ ನಾನು ಒಂದು ಸಾಮಾನು ಸವರುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಜೂಲಿ ಆರೇ ದಿನಕ್ಕೆ ಕಲಿತಳು. ಬೊಗ್ಗ ಅಮ್ಮನ ಹಿಂದೆ. ಕರಿಯನಿಗೆ ಇಪ್ಪತ್ತು ದಿನ ಹಿಡಿಯಿತು.

ಇಪ್ಪತ್ತೊಂದನೇ ದಿನವೋ ಏನೋ, ಹುಡುಗನೇ ಬಂದು ಬೆಲ್ ಹೊಡೆದ. ನಾನು ಕಾಫಿ ಗಿಡದ ಮರೆಯಲ್ಲಿ ನಿಂತಿದ್ದೆ. ಕರಿಯ ಗೇಟಿನತ್ತ ಅರ್ಧ ದಾರಿ ಓಡಿದ್ದವನು ಗಕ್ಕನೆ ನಿಂತ. ಒಂದು ಕಿವಿ ಹಿಂದೆ ಮಡಚಿದ. ಮಣ್ಣು ಚಿಮ್ಮುವ ಹಾಗೆ ತಿರುಗಿ ಮನೆ ಕಡೆ ಓಡಿದ. ನನಗೆ ಆದ ಖುಷಿ ಹೇಳೋಕೆ ಬರಲ್ಲ. ಹುಡುಗನಿಗೂ ಧೈರ್ಯ ಬರಲಿ ಅಂತ ಮೂರೂ ನಾಯಿಗೆ ರೇಬೀಸ್ ಇಂಜೆಕ್ಷನ್ ಹಾಕಿಸಿದ ಚೀಟಿ ತೋರಿಸಿದ್ದೇನೆ. ಪ್ರತಿ ವರ್ಷ ತಪ್ಪದೆ ಹಾಕಿಸುತ್ತೇನೆ.

ಖರ್ಚು ಡ್ರಮ್, ಪಟ್ಟಿ, ವೆಲ್ಡಿಂಗ್, ಬೀಗ, ಬೆಲ್, ಒಬ್ಬ ಗಾರೆಯವನ ಅರ್ಧ ದಿನದ ಕೂಲಿ ಸೇರಿ ಎರಡು ಸಾವಿರದ ಎಂಟುನೂರರ ಆಸುಪಾಸು. ಆ ಮರದ ಪೆಟ್ಟಿಗೆಯ ಎರಡು ಸಾವಿರ ಬೇರೆ.

ಮಳೆಗಾಲದಲ್ಲಿ ಡ್ರಮ್ ಒಳಗೆ ಬೆವರುತ್ತದೆ. ಉಪ್ಪಿನ ಗಂಟು ಇಟ್ಟು ನೋಡಿದೆ, ಎರಡು ದಿನಕ್ಕೆ ಉಪ್ಪೇ ನೀರಾಗಿ ಪಾರ್ಸಲ್ ಒದ್ದೆಯಾಯಿತು. ಇದ್ದಿಲಿನ ಚೀಲವೂ ಅಷ್ಟಕ್ಕಷ್ಟೇ. ಕೊನೆಗೆ ಮುಚ್ಚಳದ ಕಡೆ ಎರಡು ಬೆರಳು ತಗ್ಗಿಸಿ, ಕೆಳಗೆ ಐದು ತೂತು ಹಾಕಿ, ಒಳಗೆ ಹಳೇ ಕಾಫಿ ಒಣಗಿಸೋ ಬಲೆ ಹಾಸಿದೆ. ಈಗ ಪರವಾಗಿಲ್ಲ. ತೂತಿಗೆ ಸಣ್ಣ ಜಾಲರಿ ಹಾಕಿ, ಇಲ್ಲದಿದ್ದರೆ ಕಣಜ ಗೂಡು ಕಟ್ಟುತ್ತದೆ. ತಿನ್ನೋ ಸಾಮಾನು ಬಂದ ದಿನ ಸಂಜೆಯೊಳಗೆ ತೆಗೆದುಬಿಡುತ್ತೇನೆ. ನಮ್ಮ ಕಡೆ ಆನೆ ಓಡಾಟ ಇದೆ, ಬೆಲ್ಲದ ವಾಸನೆಗೆ ಡ್ರಮ್ ಉಳಿಯಲ್ಲ. ದುಡ್ಡು ಕೊಟ್ಟು ತಗೊಳ್ಳೋ ಪಾರ್ಸಲ್, ಒಟಿಪಿ ಕೇಳೋ ಪಾರ್ಸಲ್ ಈ ಡ್ರಮ್ಮಿಗೆ ಆಗಲ್ಲ, ಅದಕ್ಕೆ ಈಗಲೂ ಪೇಟೆಗೆ ಹೋಗುತ್ತೇನೆ.

ಹೋದ ತಿಂಗಳು ಪಕ್ಕದ ಭಾವನೂ ಡ್ರಮ್ ತಂದಿದ್ದಾರೆ. ನಾನೇ ಹೋಗಿ ಕಂಡಿ ಕೊಯ್ದುಕೊಟ್ಟೆ. ಸೈಕಲ್ ಬೆಲ್ ಮಾತ್ರ ಹಾಕಬೇಡಿ ಅಂದೆ. ನಮ್ಮ ಗೇಟಿಗೂ ಅವರ ಗೇಟಿಗೂ ಮಧ್ಯೆ ಇರೋದು ಒಂದೇ ಗದ್ದೆ. ಅಲ್ಲಿ ಬೆಲ್ ಹೊಡೆದರೆ ನಮ್ಮ ಹಿತ್ತಲಲ್ಲಿ ಮೂರೂ ನಾಯಿ ಬಂದು ಕೂರುತ್ತವೆ. ಅವರು ಹಳೇ ಶಾಲೆಯಲ್ಲಿ ಗಂಟೆ ಥರ ಹೊಡೆಯುತ್ತಿದ್ದ ಕಬ್ಬಿಣದ ಪಟ್ಟಿ ಒಂದನ್ನು ಹುಡುಕಿ ನೇತು ಹಾಕಿದ್ದಾರೆ. ಇವತ್ತಿಗೆ ಅವರ ನಾಯಿಯ ಹನ್ನೆರಡನೇ ದಿನ.