ಪ್ರಾರ್ಥನಾ ವಿನಂತಿ ಫಾರ್ವರ್ಡ್ ಮಾಡುವ ಮುಂಚೆ

ಸಹೋದರ ಸಹೋದರಿಯರೇ, ಸೋಷಿಯಲ್ ಮೀಡಿಯಾ ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಹಾಸಿಗೆ ಹಿಡಿದವರು ಮನೆಯಲ್ಲೇ ಆರಾಧನೆ ನೋಡುತ್ತಾರೆ, ದೂರ ಇರುವವರ ಜೊತೆ ಸೇರಿ ಪ್ರಾರ್ಥಿಸಬಹುದು. ಅದು ಸಣ್ಣ ಲಾಭವಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ಪ್ರಾರ್ಥನಾ ವಿನಂತಿಗಳ ಬಗ್ಗೆ. ಒಬ್ಬರ ಕಾಯಿಲೆ, ಮನೆಯ ಜಗಳ, ಸಾಲ ಎಲ್ಲವೂ 'ದಯವಿಟ್ಟು ಪ್ರಾರ್ಥಿಸಿ' ಎಂಬ ಹೆಸರಲ್ಲಿ ಊರೆಲ್ಲಾ ಸುತ್ತುತ್ತದೆ. ಚಾಡಿಗೂ ಇದಕ್ಕೂ ಏನು ವ್ಯತ್ಯಾಸ, ಹೇಳಿ! ಅವರ ಒಪ್ಪಿಗೆ ಕೇಳದೆ ಕಳಿಸಬೇಡಿ. ಫೋಟೋ, ಆಸ್ಪತ್ರೆ ರಿಪೋರ್ಟ್ ಬೇಡವೇ ಬೇಡ.

ವಾಟ್ಸ್‌ಆ್ಯಪ್‌ನಲ್ಲಿ ಜೋಡಿ ಬಾಣದ ಗುರುತು ಕಂಡರೆ ಆ ಸಂದೇಶ ಹಲವು ಕೈ ದಾಟಿ ಬಂದಿದೆ ಎಂದರ್ಥ. 'ವಿಶ್ವಾಸಿಗಳ ಮೇಲೆ ದಾಳಿ, ತಕ್ಷಣ ಹಂಚಿ' ಎಂದಿದ್ದರೆ ಮೊದಲು ತಾರೀಖು ನೋಡಿ, ಮೂಲ ಹುಡುಕಿ. ಹಳೆಯದೋ ಸುಳ್ಳೋ ಆಗಿರಬಹುದು, ಅಲ್ವಾ?

ವಾದಕ್ಕೆ ಇಳಿಯುವಾಗ ಸತ್ಯವೇದದ (ಬೈಬಲ್‌ನ) ಯಾಕೋಬ 1:19 ವಚನ ನೆನಪಿರಲಿ: ಕೇಳುವುದರಲ್ಲಿ ಚುರುಕು, ಮಾತಿನಲ್ಲಿ ನಿಧಾನ. ಉತ್ತರ ಟೈಪ್ ಮಾಡಿ, ಕಳಿಸದೆ ಒಂದು ಗಂಟೆ ಹಾಗೇ ಬಿಡಿ.

ಇನ್ನೊಂದು. ಬೆಳಗ್ಗೆ ಸತ್ಯವೇದ ಓದಿ ಮುಗಿಸುವ ತನಕ ನೋಟಿಫಿಕೇಶನ್ ಆಫ್ ಇರಲಿ. ಫೋನಿನಲ್ಲೇ ಓದುವವರಿಗಂತೂ ಇದು ಬೇಕೇ ಬೇಕು. ಇಲ್ಲದಿದ್ದರೆ ಒಂದು ಅಧ್ಯಾಯ ಮುಗಿಯುವಷ್ಟರಲ್ಲಿ ರೀಲ್ಸ್‌ಗೆ ಹೋಗಿಬಿಟ್ಟಿರುತ್ತೀರಿ.