ಕೆಲವು ತಿಂಗಳಿಗೆ ಹೊಟ್ಟೆ ಮೇಲೆ ಚೀಲ: ಸಹಿ ಹಾಕುವ ಮುಂಚೆ ಏನು ಕೇಳಬೇಕು?

ವರ್ಷಗಟ್ಟಲೆ ಕರುಳಿನ ಕಾಟ ಅನುಭವಿಸಿದವರಿಗೆ ಸರ್ಜನ್ ಒಂದು ದಿನ ‘ತಾತ್ಕಾಲಿಕವಾಗಿ ಇಲಿಯಾಸ್ಟಮಿ ಮಾಡೋಣ’ ಎನ್ನಬಹುದು. ಸಣ್ಣ ಕರುಳಿನ ಕೊನೆಯ ಭಾಗವನ್ನು ಹೊಟ್ಟೆಯ ಮೇಲೆ ತಂದು ಕೂರಿಸುತ್ತಾರೆ. ಆ ಬಾಯಿಗೆ ಸ್ಟೋಮಾ ಎನ್ನುತ್ತಾರೆ. ಮಲ ಅಲ್ಲಿಂದಲೇ ಚೀಲಕ್ಕೆ ಬೀಳುತ್ತದೆ, ದೊಡ್ಡ ಕರುಳಿಗೆ ಬಿಡುವು ಸಿಗುತ್ತದೆ. ಕೆಲವು ತಿಂಗಳ ನಂತರ ಇನ್ನೊಂದು ಆಪರೇಷನ್ ಮಾಡಿ ಕರುಳನ್ನು ಮತ್ತೆ ಜೋಡಿಸಿ ಬಾಯಿ ಮುಚ್ಚುತ್ತಾರೆ.

ಮೊದಲು ಯಾಕೆ ಎಂದು ಕೇಳಿ. ಕರುಳಿನಲ್ಲಿ ಉರಿಯೂತ ತರುವ ಕ್ರೋನ್ಸ್ ಕಾಯಿಲೆಗೆ ಮಾಡುವುದೇ ಬೇರೆ, ಔಷಧಕ್ಕೆ ಬಗ್ಗದ ಮಲಬದ್ಧತೆಗೆ ಮಾಡುವುದೇ ಬೇರೆ. ಮಲಬದ್ಧತೆಯಾದರೆ ಸಣ್ಣ ಕರುಳೂ ನಿಧಾನವಾಗಿದೆಯಾ ಎಂಬ ಪರೀಕ್ಷೆ ಆಗಿರಬೇಕು. ಅದೂ ನಿಧಾನವಿದ್ದರೆ ಚೀಲದಿಂದ ಹೆಚ್ಚು ಪ್ರಯೋಜನ ಸಿಗದು. ‘ಮತ್ತೆ ಜೋಡಿಸಿದ ಮೇಲೆ ಹಳೇ ಕಾಟ ತಿರುಗಿ ಬರುತ್ತಾ?’ ಎಂದು ನೇರವಾಗಿ ಕೇಳಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅನುಮಾನವಿದ್ದರೆ ಫೈಲ್ ಹಿಡಿದು ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್) ಆಸ್ಪತ್ರೆಯಲ್ಲೋ ರಾಯಚೂರಿನ ರಿಮ್ಸ್‌ನಲ್ಲೋ ಇನ್ನೊಬ್ಬ ಸರ್ಜನ್‌ಗೆ ತೋರಿಸಿ.

ಆಮೇಲೆ ಯಾವ ಬಗೆ ಎಂದು ತಿಳಿಯಿರಿ. ಲೂಪ್ ಆದರೆ ಕರುಳನ್ನು ಕುಣಿಕೆಯಂತೆ ಹೊರಗೆ ತರುತ್ತಾರೆ, ಮುಚ್ಚುವುದು ಸಲೀಸು. ಎಂಡ್ ಆದರೆ ಒಂದೇ ಬಾಯಿ, ಚೀಲ ಚೆನ್ನಾಗಿ ಕೂರುತ್ತದೆ, ಆದರೆ ಮರುಜೋಡಣೆ ದೊಡ್ಡ ಆಪರೇಷನ್. ಸಾಮಾನ್ಯವಾಗಿ 2-3 ತಿಂಗಳ ನಂತರ ಮುಚ್ಚುತ್ತಾರೆ. ಕೆಲವರಿಗೆ ಮುಚ್ಚಲು ಆಗುವುದೇ ಇಲ್ಲ. ಇದನ್ನೂ ಮೊದಲೇ ಕೇಳಿಕೊಳ್ಳಿ.

ಸ್ಟೋಮಾ ಎಲ್ಲಿ ಬರಬೇಕು ಎಂಬ ಜಾಗದ ಗುರುತನ್ನು ಮಾತ್ರ ಬಿಡಲೇಬೇಡಿ. ಸಿಂಧನೂರಿನ ನಮ್ಮ ದೊಡ್ಡಪ್ಪ ಧೋತರ ಉಡುವವರು. ಆಪರೇಷನ್‌ಗೆ ಮುಂಚೆ ಯಾರೂ ಪೆನ್ನಿನಿಂದ ಗುರುತು ಹಾಕಲಿಲ್ಲ. ಸರಿಯಾಗಿ ಧೋತರದ ಗಂಟು ಬರುವಲ್ಲೇ ಸ್ಟೋಮಾ ಬಂತು. ನೆಲದ ಮೇಲೆ ಊಟಕ್ಕೆ ಕೂತರೆ ಹೊಟ್ಟೆ ಮಡಚಿ, ಚೀಲ ಹಿಡಿದಿಡಲು ಚರ್ಮಕ್ಕೆ ಅಂಟಿಸುವ ಪ್ಲೇಟಿನ ಅಂಚು ಏಳುತ್ತಿತ್ತು. ಸೋರಿದ ಕಡೆಯೆಲ್ಲ ಚರ್ಮ ಸುಟ್ಟ ಹಾಗೆ ಕೆಂಪು. ಎಷ್ಟೋ ದಿನ ಅವರು ನಿಂತೇ ಉಂಡರು. ಅದಕ್ಕೇ ಹೇಳುತ್ತೇನೆ, ದಿನಾ ಉಡುವ ಸೀರೆ, ಧೋತರ, ಪ್ಯಾಂಟ್ ಹಾಕಿಕೊಂಡೇ ಹೋಗಿ. ಕೂತು, ನಿಂತು, ಬಗ್ಗಿ ತೋರಿಸಿ ಗುರುತು ಹಾಕಿಸಿಕೊಳ್ಳಿ.

ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲು ಗೊತ್ತಲ್ವಾ? ಚೀಲದಲ್ಲಿ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಹೋಗುವುದು ಮಾಮೂಲಿ. ಅದರ ಜೊತೆ ಉಪ್ಪೂ ಹೋಗುತ್ತದೆ. ಜಾಸ್ತಿ ಹೋಗುವಾಗ ಸುಮ್ನೆ ನೀರು ಕುಡಿದರೆ ಇನ್ನೂ ಜಾಸ್ತಿ ಹೋಗುತ್ತದೆ. ಓಆರ್‌ಎಸ್ ಬೇಕು. ಬಿಪಿ, ಕಿಡ್ನಿ ತೊಂದರೆ ಇದ್ದವರು ಎಷ್ಟು ಕುಡಿಯಬೇಕೆಂದು ಡಾಕ್ಟರನ್ನು ಕೇಳಿಕೊಳ್ಳಲಿ. ಮೊದಲ ಆರೆಂಟು ವಾರ ಶೇಂಗಾ, ಮೆಕ್ಕೆಜೋಳ ಬೇಡ. ಕರುಳು ಕಟ್ಟಿಕೊಳ್ಳಬಹುದು.

ಖರ್ಚನ್ನೂ ಲೆಕ್ಕ ಹಾಕಿ. ಪ್ಲೇಟನ್ನು 3-4 ದಿನಕ್ಕೊಮ್ಮೆ ಬದಲಿಸಬೇಕು, ಅಂದರೆ ತಿಂಗಳಿಗೆ 8-10. ನಿಮ್ಮೂರ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆಯೇ, ತರಿಸಬೇಕೇ ಎಂದು ಆಪರೇಷನ್‌ಗೆ ಮುಂಚೆಯೇ ವಿಚಾರಿಸಿ. ಆಯುಷ್ಮಾನ್ ಕಾರ್ಡ್ ಇದ್ದರೆ ಎರಡೂ ಆಪರೇಷನ್‌ಗೆ ಅನ್ವಯಿಸುತ್ತದೆಯೇ ಎಂದೂ ಕೇಳಿ.

ಮನೆಗೆ ಬಂದ ಮೇಲೆ ಒಂದು ಅಳತೆಯ ಜಗ್ ಇಟ್ಟುಕೊಳ್ಳಿ. ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ, ಸ್ಟೋಮಾ ಕಪ್ಪಾದರೆ, ಚೀಲಕ್ಕೆ ಏನೂ ಬೀಳದೆ ಹೊಟ್ಟೆನೋವು, ವಾಂತಿ ಶುರುವಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.