ಮ್ಯೂನಿಕ್‌ನ ಗ್ರಂಥಾಲಯದಲ್ಲಿ ಅಮ್ಮಂದಿರು ಓದಿದ ಕಥೆಗಳು: ನನ್ನ ಅನುಭವ

ಜರ್ಮನಿಯ ಮ್ಯೂನಿಕ್ ನಗರದಲ್ಲಿ, ನಮ್ಮ ಮನೆಗೆ ಹತ್ತಿರದ ಶಾಖಾ ಗ್ರಂಥಾಲಯದಲ್ಲಿ, ಮಕ್ಕಳಿಗೆ ಕಥೆ ಓದಿ ಹೇಳುವ ಸ್ವಯಂಸೇವಕಿಯಾಗಿ ನಾನು ಕೆಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವುದಕ್ಕೆ ಈ ದೇಶದಲ್ಲಿ ದೊಡ್ಡ ಮನ್ನಣೆಯಿದೆ. 2004ರಿಂದ ಪ್ರತಿ ನವೆಂಬರಿನಲ್ಲಿ ಅದಕ್ಕೆಂದೇ ಒಂದು ದಿನವನ್ನು ದೇಶದಾದ್ಯಂತ ಆಚರಿಸುತ್ತಾರೆ. 2015ರ ಸುಮಾರಿಗೆ ಸಿರಿಯಾ, ಇರಾಕ್, ಅಫ್ಘಾನಿಸ್ತಾನಗಳಿಂದಲೂ 2022ರಿಂದ ಉಕ್ರೇನಿನಿಂದಲೂ ಬಂದ ಕುಟುಂಬಗಳು, ಬಹಳ ಹಿಂದೆಯೇ ಇಲ್ಲಿ ನೆಲೆಸಿದ ಟರ್ಕಿ ಮೂಲದವರು, ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದ ನಮ್ಮ ಕನ್ನಡದವರು, ಹೀಗೆ ಎಲ್ಲರ ಮಕ್ಕಳೂ ಅಲ್ಲಿನ ಒಂದೇ ಜಮಖಾನದ ಮೇಲೆ ಕುಳಿತು ಕಥೆ ಕೇಳುತ್ತಾರೆ. ಈ ಕುಟುಂಬಗಳಿಗೆ ಇದೂ ತಮ್ಮ ಊರು ಎನ್ನಿಸಬೇಕಾದರೆ ಮಗುವಿನ ಕೈಗೆ ಪುಸ್ತಕ ಕೊಟ್ಟರಷ್ಟೇ ಸಾಲದು, ಅದನ್ನು ಓದುವ ಕುರ್ಚಿಯಲ್ಲಿ ಆ ಮಗುವಿನ ತಾಯಿಯನ್ನೋ ಅಜ್ಜಿಯನ್ನೋ ಕೂರಿಸಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಅದಕ್ಕೆ ಕಾರಣವಿದೆ. ಶಿಶುವಿಹಾರಕ್ಕೆ ಹೋಗುವ ಮಕ್ಕಳು ಜರ್ಮನ್ ಭಾಷೆಯನ್ನು ಬೇಗ ಹಿಡಿದುಕೊಳ್ಳುತ್ತಾರೆ, ತಂದೆತಾಯಿಗಳು ಹಿಂದೆ ಉಳಿಯುತ್ತಾರೆ. ವೈದ್ಯರ ಬಳಿ, ಸರ್ಕಾರಿ ಕಚೇರಿಯಲ್ಲಿ, ಅಂಗಡಿಯಲ್ಲಿ ಮಗುವೇ ಅಮ್ಮನ ಪರವಾಗಿ ಮಾತನಾಡಬೇಕಾಗುತ್ತದೆ. ತನ್ನ ಊರಿನಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಹೆಂಗಸು ಇಲ್ಲಿ ಗ್ರಂಥಾಲಯದ ಗೋಡೆಗೊರಗಿ, ಯಾರೂ ತನ್ನನ್ನು ಮಾತನಾಡಿಸದಿರಲಿ ಎಂಬಂತೆ ಮೊಬೈಲ್ ನೋಡುತ್ತಾ ಕೂರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮಗುವಿಗಿಂತ ಅಮ್ಮನಿಗೇ ಹೆಚ್ಚು ಗೊತ್ತಿರುವ ಜಾಗವೊಂದು ಈ ಊರಿನಲ್ಲಿ ಬೇಕು ಎಂದು ನನಗೆ ಬಲವಾಗಿ ಅನ್ನಿಸಿತು.

ನಾವು ಅನುಸರಿಸುವ ಕ್ರಮ ಸರಳವಾದದ್ದು. ದ್ವಿಭಾಷಾ ಚಿತ್ರಪುಸ್ತಕವೊಂದನ್ನು ಆರಿಸಿಕೊಂಡು, ಪ್ರತಿ ಪುಟವನ್ನೂ ಮೊದಲು ತಾಯಿ ತನ್ನ ಭಾಷೆಯಲ್ಲಿ ಓದುತ್ತಾರೆ, ಆಮೇಲೆ ನಾನು ಅದೇ ಪುಟವನ್ನು ಜರ್ಮನ್‌ನಲ್ಲಿ ಓದುತ್ತೇನೆ. ಜರ್ಮನ್ ಮೊದಲು ಬಂದರೆ ಕಥೆ ಮುಗಿದೇ ಹೋಯಿತೆಂದು ಮಕ್ಕಳು ಎದ್ದು ಓಡಾಡತೊಡಗುತ್ತಾರೆ, ತಾಯಿಯ ಓದು ಬರಿಯ ಅಲಂಕಾರವಾಗಿಬಿಡುತ್ತದೆ. ಮನೆಮಾತು ಮೊದಲು ಬಂದಾಗ ಜರ್ಮನ್ ಮಕ್ಕಳೂ ಅರ್ಥವಾಗದ ಆ ಒಂದು ನಿಮಿಷ ಚಿತ್ರವನ್ನು ಕಣ್ಣಿಟ್ಟು ನೋಡುತ್ತಾರೆ, ಮುಂದೇನೆಂದು ಊಹಿಸುತ್ತಾರೆ, ಪಕ್ಕದಲ್ಲಿ ಕುಳಿತ ಗೆಳೆಯನನ್ನು ಕೇಳುತ್ತಾರೆ.

ಪುಸ್ತಕದ ಆಯ್ಕೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಯುದ್ಧ, ದೋಣಿ, ಗಡಿ ದಾಟುವಿಕೆಗಳ ಕಥೆಗಳು ಇಲ್ಲಿ ಸಾಕಷ್ಟಿವೆ, ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಅವನ್ನು ಹೆಚ್ಚಾಗಿ ಓದಬೇಕಾದವರು ಅಂಥದ್ದನ್ನು ಕಾಣದ ಮಕ್ಕಳು. ಕಷ್ಟಪಟ್ಟು ಬಂದ ಮಗುವಿಗೆ ಕಳೆದುಹೋದ ಚಪ್ಪಲಿಯ ಕಥೆ, ಹೊಟ್ಟೆಬಾಕ ಬೆಕ್ಕಿನ ಕಥೆ, ಮಳೆಯಲ್ಲಿ ನೆನೆದ ದಿನದ ಕಥೆ ಬೇಕು. ಅಮೆರಿಕದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಮಕ್ಕಳ ಪುಸ್ತಕಗಳನ್ನು ಮಗು ತನ್ನನ್ನೇ ಕಾಣುವ ಕನ್ನಡಿಗೂ ಬೇರೆಯವರ ಬದುಕನ್ನು ನೋಡುವ ಕಿಟಕಿಗೂ ಹೋಲಿಸಿ ಬರೆದದ್ದು ಪ್ರಸಿದ್ಧವಾಗಿದೆ. ಮಗುವಿನ ಅತ್ಯಂತ ಕೆಟ್ಟ ದಿನವನ್ನಷ್ಟೇ ತೋರಿಸುವ ಕನ್ನಡಿ ಅವರ ಮನಸ್ಸಿನಲ್ಲಿದ್ದದ್ದು ಎಂದು ನಾನು ನಂಬುವುದಿಲ್ಲ.

ಅರಬ್ಬೀ ಪುಸ್ತಕಗಳದ್ದು ಬೇರೆಯದೇ ತೊಡಕು. ಬಲದಿಂದ ಎಡಕ್ಕೆ ಸಾಗುವ ಬರಹವನ್ನು ಎಡದಿಂದ ತೆರೆಯುವ ಜರ್ಮನ್ ಪುಸ್ತಕದಲ್ಲಿ ಸೇರಿಸಿದಾಗ, ಚಿತ್ರದಲ್ಲಿ ಓಡುವ ನಾಯಿ ಕಥೆಗೆ ಎದುರಾಗಿ ಓಡುತ್ತಿರುವಂತೆ ಕಾಣುತ್ತದೆ, ಓದುವ ತಾಯಿಗೂ ಯಾವ ಕಡೆಗೆ ಪುಟ ತಿರುವಬೇಕೆಂಬ ಗೊಂದಲವಾಗುತ್ತದೆ. ಇದಕ್ಕೆ ನಮಗೆ ಒದಗಿಬಂದದ್ದು ಜಪಾನಿನ ಕಾಮಿಶಿಬಾಯಿ. ಬಾಗಿಲುಗಳಿರುವ ಸಣ್ಣ ಮರದ ಚೌಕಟ್ಟಿನೊಳಗೆ ಎ3 ಅಳತೆಯ ಚಿತ್ರಫಲಕಗಳನ್ನಿಟ್ಟು, ಒಂದೊಂದನ್ನಾಗಿ ಪಕ್ಕಕ್ಕೆ ಎಳೆಯುತ್ತಾ ಕಥೆ ಹೇಳುವ ಈ ಸಾಧನ ಜರ್ಮನಿಯ ಶಿಶುವಿಹಾರಗಳಲ್ಲೂ ಗ್ರಂಥಾಲಯಗಳಲ್ಲೂ ಬಹಳ ಬಳಕೆಯಲ್ಲಿದೆ. ಮಕ್ಕಳಿಗೆ ಚಿತ್ರ ಮಾತ್ರ ಕಾಣುತ್ತದೆ, ಬರಹ ಓದುವವರ ಕಡೆಗಿರುತ್ತದೆ. ಆದ್ದರಿಂದ ಯಾವ ಭಾಷೆಯ ಹಾಳೆಯನ್ನಾದರೂ ಹಿಂದೆ ಅಂಟಿಸಿಕೊಳ್ಳಬಹುದು.

ಸಿರಿಯಾದವರೆಂದರೆ ಎಲ್ಲರ ಮನೆಮಾತೂ ಅರಬ್ಬೀ ಎಂದು ತಿಳಿಯಬಾರದು. ಅವರಲ್ಲಿ ಕುರ್ದಿಶ್ ಮಾತನಾಡುವವರು ಅನೇಕರಿದ್ದಾರೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಆ ಭಾಷೆಯನ್ನು ಕಲಿಸದೆ ಇದ್ದುದರಿಂದ, ಮನೆಯಲ್ಲಿ ಹಗಲಿರುಳು ಕುರ್ದಿಶ್ ಆಡುವವರಿಗೂ ಅದನ್ನು ಓದುವ ಅಭ್ಯಾಸವಿರುವುದಿಲ್ಲ. ತುಳುವನ್ನೋ ಕೊಂಕಣಿಯನ್ನೋ ಮನೆಯಲ್ಲಿ ಆಡಿ ಶಾಲೆಯಲ್ಲಿ ಕನ್ನಡ ಓದಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಇಂಥವರಿಗೆ ಅಕ್ಷರಗಳಿಲ್ಲದ ಚಿತ್ರಪುಸ್ತಕಗಳೇ ಸರಿ. ವಲಸಿಗರು ಬಂದಿಳಿಯುವ ಇಟಲಿಯ ಲಾಂಪೆದೂಸಾ ದ್ವೀಪದ ಮಕ್ಕಳಿಗಾಗಿ ಐಬಿಬಿವೈ ಎಂಬ ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ಸಂಸ್ಥೆ 2012ರಲ್ಲಿ ಇಂಥ ಪುಸ್ತಕಗಳನ್ನೇ ದೇಶದೇಶಗಳಿಂದ ಸಂಗ್ರಹಿಸಲು ಹೊರಟಿತು.

ನಮ್ಮಲ್ಲಿ ಹಾಗೆ ಕಥೆ ಹೇಳಿದ ಕುರ್ದಿಶ್ ಅಜ್ಜಿಯೊಬ್ಬರು ಓದುಬರಹ ಬಾರದವರು. ಸಂತೆಯ ಚಿತ್ರವಿದ್ದ ಪುಟ ಬಂದಾಗ ಅವರು ಮುಂದೆ ಹೋಗಲೇ ಇಲ್ಲ. ಬೆರಳಿಟ್ಟು ಒಂದೊಂದೇ ಅಂಗಡಿಯನ್ನು ತೋರಿಸುತ್ತಾ, ಮಾರುವವನ ದನಿಯನ್ನೂ ಚೌಕಾಶಿ ಮಾಡುವವಳ ದನಿಯನ್ನೂ ತಾವೇ ಹೊರಡಿಸುತ್ತಾ, ಚಿತ್ರದಲ್ಲಿಲ್ಲದ ಒಂದು ಹಿಪ್ಪುನೇರಳೆ ಮರವನ್ನೂ ಅಲ್ಲಿ ನಿಲ್ಲಿಸಿದರು. ಪಕ್ಕದಲ್ಲಿದ್ದ ಮೊಮ್ಮಗಳು ಅದನ್ನೆಲ್ಲ ಉಳಿದ ಮಕ್ಕಳಿಗೆ ಜರ್ಮನ್‌ನಲ್ಲಿ ಹೇಳುತ್ತಾ ಹೋದಳು. ಅಂದೂ ಅವಳು ದುಭಾಷಿಯೇ ಆಗಿದ್ದಳು, ಆದರೆ ಅಜ್ಜಿಗೆ ಸಹಾಯ ಮಾಡುವುದಕ್ಕಾಗಿ ಅಲ್ಲ, ಅಜ್ಜಿ ಹೇಳುತ್ತಿದ್ದುದು ಎಲ್ಲರಿಗೂ ಬೇಕಾಗಿತ್ತೆಂಬ ಕಾರಣಕ್ಕೆ.

ಕನ್ನಡ ಪುಸ್ತಕಗಳು ಇಲ್ಲಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣ ಈ ಕೊರತೆಯನ್ನು ನೀಗಿಸಿದೆ. ಮುಕ್ತ ಪರವಾನಗಿ ಇರುವುದರಿಂದ, ಲೇಖಕರ ಮತ್ತು ಚಿತ್ರಕಾರರ ಹೆಸರನ್ನು ಉಳಿಸಿಕೊಂಡು ಅಲ್ಲಿನ ಕಥೆಗಳನ್ನು ಅನುವಾದಿಸಬಹುದು, ಮುದ್ರಿಸಲೂಬಹುದು. ನಾವು ಚಿತ್ರಗಳನ್ನು ಎ3 ಹಾಳೆಯಲ್ಲಿ ಮುದ್ರಿಸಿ, ದಪ್ಪ ರಟ್ಟಿಗೆ ಅಂಟಿಸಿ, ಹಿಂಬದಿಯಲ್ಲಿ ಕನ್ನಡ ಮತ್ತು ಜರ್ಮನ್ ಎರಡನ್ನೂ ಬರೆದುಕೊಂಡೆವು. ಮನೆಯಲ್ಲಿ ಕನ್ನಡದ ಪ್ರಶ್ನೆಗೆ ಜರ್ಮನ್‌ನಲ್ಲೇ ಉತ್ತರಿಸುತ್ತಿದ್ದ ಹುಡುಗನೊಬ್ಬ, ತನ್ನ ಅಮ್ಮ ಎಲ್ಲರೆದುರು ಕನ್ನಡದಲ್ಲಿ ಓದಿದ ಮೇಲೆ, "ಅಮ್ಮ, ಇನ್ನೊಂದ್ಸಲ ಓದು" ಎಂದು ಕನ್ನಡದಲ್ಲೇ ಕೇಳಿದ.

ಪುಸ್ತಕಗಳಿಂದ ಜನರನ್ನು ಹತ್ತಿರ ತರುವ ಯತ್ನ ಈ ನಗರಕ್ಕೆ ಹೊಸದಲ್ಲ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಲಂಡನ್ ಸೇರಿದ್ದ ಯಹೂದಿ ಪತ್ರಕರ್ತೆ ಯೆಲ್ಲಾ ಲೆಪ್‌ಮನ್ ಯುದ್ಧ ಮುಗಿದ ಮೇಲೆ ಮರಳಿ ಬಂದು, 1946ರಲ್ಲಿ ಇಲ್ಲಿಯೇ ಹಲವು ದೇಶಗಳ ಮಕ್ಕಳ ಪುಸ್ತಕಗಳ ಪ್ರದರ್ಶನ ನಡೆಸಿದರು. 1949ರಲ್ಲಿ ಅವರು ಸ್ಥಾಪಿಸಿದ ಅಂತರರಾಷ್ಟ್ರೀಯ ಮಕ್ಕಳ ಗ್ರಂಥಾಲಯ ಈಗ ಬ್ಲೂಟೆನ್‌ಬುರ್ಗ್ ಕೋಟೆಯಲ್ಲಿದೆ. ಹೊಸದಾಗಿ ಬಂದ ಕುಟುಂಬಗಳಿಗೆ ನಾನು ಅದರ ದಾರಿಯನ್ನು ತಪ್ಪದೆ ಹೇಳುತ್ತೇನೆ.

ನಿಮ್ಮ ಊರಿನಲ್ಲಿ ಇದನ್ನು ಆರಂಭಿಸಬೇಕೆಂದಿದ್ದರೆ ಗ್ರಂಥಾಲಯದವರನ್ನು ಮೊದಲು ಕೇಳಬೇಕಾದದ್ದು ಹಣವಲ್ಲ, ವಾರದಲ್ಲೊಂದು ನಿಗದಿತ ಸಮಯ ಮತ್ತು ಮಕ್ಕಳ ಕೈಗೆಟುಕುವ ಒಂದು ಪುಸ್ತಕದ ಕಪಾಟು. ಓದಲು ಒಪ್ಪಿದ ತಾಯಿಗೆ ಪುಸ್ತಕವನ್ನು ಒಂದು ವಾರ ಮುಂಚೆಯೇ ಕೊಟ್ಟು ಕಳುಹಿಸಿ, ಮನೆಯಲ್ಲಿ ಮಗುವಿನೆದುರು ಓದಿ ಅಭ್ಯಾಸ ಮಾಡಿಕೊಳ್ಳಲು ಅವರಿಗೆ ಅಷ್ಟು ಬಿಡುವಾದರೂ ಬೇಕು.